ಅಂಜಿಕೆ ಕಂಬಗಳು

ಉದ್ಯಾನ ತಯಾರಾಗಿತ್ತು, ಜನ ಮಾತ್ರ ಬರಲಿಲ್ಲ.

ಬರಲಿ ಎಂದು ನಗರಪಾಲಿಕೆಯವರು ಮಾಡದ ಪ್ರಯತ್ನವಿರಲಿಲ್ಲ. ಗಿರಣಿ ಓಣಿಯ ಹಳೆಯ ರುದ್ರಭೂಮಿಯಲ್ಲಿ ಮಣ್ಣು ಮಾಡುವುದು ನಿಂತು ಕೆಲವು ವರ್ಷಗಳಾಗಿದ್ದವು. ಊರು ಬೆಳೆದು ಬೆಳೆದು ಅದನ್ನು ನಾಲ್ಕೂ ಕಡೆಯಿಂದ ಒತ್ತಿಕೊಂಡು ನಿಂತಿತ್ತು. ಚಾಲಕರಿಲ್ಲದ ಬಸ್ಸುಗಳು ಓಡಾಡುವ ಕಾಲ ಬಂದರೂ ಆ ಓಣಿಯ ಮಕ್ಕಳಿಗೆ ಆಡಲು ಒಂದು ಗೇಣು ನೆಲವಿರಲಿಲ್ಲ. ಹಾಗಾಗಿ ಗೋರಿಗಳನ್ನು ಅಗೆಯದೆ, ಅವುಗಳ ಮೇಲೆಯೇ ಹೊಸ ಮಣ್ಣು ಹರಡಿ ಹುಲ್ಲು ಹಾಸಿದರು. ಹೆಸರಿನ ಕಲ್ಲುಗಳನ್ನು ಎತ್ತಿ ಗೋಡೆಗುಂಟ ನಿಲ್ಲಿಸಿದರು. ಜೋಕಾಲಿ ಬಂತು, ಜಾರುಬಂಡೆ ಬಂತು, ಕಾರಂಜಿ ಬಂತು, ಮೊಣಕಾಲು ನೋವಿನವರು ತುಳಿಯಲೆಂದು ಪೆಡಲಿನ ಯಂತ್ರಗಳೂ ಬಂದವು. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿ, ಜಿಲೇಬಿ ತಿಂದು, ತುಸು ಅವಸರದಲ್ಲೇ ಕಾರು ಹತ್ತಿದರು. ಅವರ ಹಿಂದೆಯೇ ಜನರೂ ಹೊರಟರು. ಮರುದಿನದಿಂದ ಅಲ್ಲಿ ಕಾರಂಜಿಯೊಂದೇ ಕುಣಿಯುತ್ತಿತ್ತು.

ಜನರನ್ನು ದೂರಿ ಪ್ರಯೋಜನವಿಲ್ಲ. ಅಜ್ಜನನ್ನು ಹೂತ ಜಾಗದಲ್ಲಿ ಮೊಮ್ಮಗನನ್ನು ಜಾರುಬಂಡೆ ಹತ್ತಿಸು ಎಂದರೆ ಯಾವ ತಾಯಿಗೆ ಮನಸ್ಸು ಬರುತ್ತದೆ? ಧೈರ್ಯ ಮಾಡಿ ಬಂದ ಒಬ್ಬಿಬ್ಬರೂ ಒಂದು ಸುತ್ತು ಮುಗಿಸುವಷ್ಟರಲ್ಲಿ ತಿರುಗಿ ತಿರುಗಿ ನೋಡಿ, ಬೆನ್ನ ಹಿಂದೆ ಯಾರೋ ಬಂದಂತಾಯಿತೆಂದು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಮನೆಯ ಹಿತ್ತಲಲ್ಲಿ ನಿಂತು ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಹೋದರು. ಕಡೆಗೆ ಪಾಲಿಕೆಯ ಸಭೆಯಲ್ಲಿ ಒಂದು ತೀರ್ಮಾನವಾಯಿತು: ವರ್ಷದೊಳಗೆ ಜನ ಬಾರದಿದ್ದರೆ ಉದ್ಯಾನ ಕಿತ್ತು ವ್ಯಾಪಾರದ ಕಾಂಪ್ಲೆಕ್ಸ್ ಕಟ್ಟುವುದು, ಅಡಿಯಲ್ಲಿದ್ದವರನ್ನೆಲ್ಲ ಜೆಸಿಬಿಯಿಂದ ಎತ್ತಿ ಊರ ಹೊರಗಿನ ಹೊಸ ರುದ್ರಭೂಮಿಗೆ ಸಾಗಿಸುವುದು.

ಆ ಅಡಿಯಲ್ಲಿದ್ದವರಲ್ಲಿ ಅಂದಾನಪ್ಪನೂ ಒಬ್ಬ. ಅಲ್ಲಿ ಕೊನೆಗೆ ಮಣ್ಣಾದವರ ಪೈಕಿ. ಮೂಲೆಯ ಹೊಂಗೆ ಮರದ ಬುಡದಲ್ಲಿ ಅವನ ಜಾಗ. ಅವನ ಹೆಂಡತಿ ಮಹಾನಂದಾ ಊರಿನ ವೈದ್ಯಕೀಯ ಕಾಲೇಜಿನಲ್ಲಿ ಮೆದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಗಂಡನನ್ನು ಯಂತ್ರದ ಹಲ್ಲಿನಿಂದ ಕೆದಕುತ್ತಾರೆ ಎಂಬ ಸುದ್ದಿ ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಮರುದಿನವೇ ಆಯುಕ್ತರ ಕಚೇರಿಗೆ ಹೋಗಿ ಕೂತಳು.

"ದೆವ್ವ ಓಡಸ್ತೀರೇನ್ರೀ ಡಾಕ್ಟರ?" ಆಯುಕ್ತರು ನಕ್ಕರು.

"ದೆವ್ವ ಅಲ್ರೀ ಸರ್. ದೆವ್ವ ಐತಿ ಅನ್ನಿಸೂದನ್ನ ಓಡಸ್ತೀನಿ."

ಅವಳು ಹೇಳಿದ್ದು ಇಷ್ಟು. ಕಿವಿಯ ಮೇಲೆ ತುಸು ಹಿಂದಕ್ಕೆ, ಮೆದುಳಿನಲ್ಲಿ ಒಂದು ಮೂಲೆಯಿದೆ. ಕೈ ಎಲ್ಲಿದೆ, ಕಾಲು ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂಬ ಮೈಯ ಸುದ್ದಿಗಳೆಲ್ಲ ಅಲ್ಲಿ ಬಂದು ಕೂಡುತ್ತವೆ. 'ಇದು ನಾನು' ಎಂಬ ಭಾವ ಹುಟ್ಟುವುದು ಅಲ್ಲೇ. ಆ ಸುದ್ದಿಗಳು ತುಸು ಹಿಂದುಮುಂದಾದರೆ ನಮ್ಮ ಮೈಯ ಸುದ್ದಿಯೇ ನಮಗೆ ಬೇರೆ ಯಾರದೋ ಸುದ್ದಿಯಂತೆ ತೋರುತ್ತದೆ. ಹಿಂದೆ ಯಾರೋ ನಿಂತಂತೆ, ಯಾರೋ ಉಸಿರಾಡಿದಂತೆ. ಅಂಜಿದವರಿಗೆ, ದಣಿದವರಿಗೆ, ದುಃಖದಲ್ಲಿದ್ದವರಿಗೆ ಇದು ಹೆಚ್ಚು. ಹೀಗೆ ಸದಾ ಬೆನ್ನು ನೋಡಿಕೊಂಡು ನರಳುವ ರೋಗಿಗಳಿಗಾಗಿ ಅವಳು ಒಂದು ಟೊಪ್ಪಿಗೆ ತಯಾರಿಸಿದ್ದಳು. ಅದರೊಳಗಿನ ತಾಮ್ರದ ಸುರುಳಿಗಳು ಮಂದವಾದ ಕಾಂತೀಯ ಮಿಡಿತ ಕಳಿಸಿ ಆ ಮೂಲೆಯನ್ನು ಅಲುಗಾಡದಂತೆ ಹಿಡಿಯುತ್ತಿದ್ದವು. ಅದೇ ಸುರುಳಿಗಳನ್ನು ದೊಡ್ಡದು ಮಾಡಿ ಕಂಬಗಳಲ್ಲಿಟ್ಟರೆ ಇಡೀ ಉದ್ಯಾನಕ್ಕೇ ಒಂದು ಟೊಪ್ಪಿಗೆ ಹಾಕಿದಂತಾಗುತ್ತದೆ.

ಆಯುಕ್ತರಿಗೆ ಸುರುಳಿ ತಿಳಿಯಲಿಲ್ಲ, ಟೊಪ್ಪಿಗೆ ತಿಳಿಯಿತು. ಒಪ್ಪಿದರು.

ಒಂದು ಸಂಗತಿಯನ್ನು ಮಹಾನಂದಾ ಅವರಿಗೆ ಹೇಳಲಿಲ್ಲ. ಅವರಿಗೇ ಏನು, ಯಾರಿಗೂ ಹೇಳಿರಲಿಲ್ಲ. ಸಂಜೆ ಕಾಲೇಜಿನಿಂದ ಬಂದು, ಹಾಲ್‌ನಲ್ಲಿ ಚಹಾ ಕುಡಿಯುತ್ತ ಕೂತರೆ ಅಡುಗೆಮನೆಯ ಬಾಗಿಲಲ್ಲಿ ಅಂದಾನಪ್ಪ ಬಂದು ನಿಲ್ಲುತ್ತಿದ್ದ. ಕಾಣಿಸುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಬದುಕಿದ್ದಾಗ ಬಾಗಿಲಿಗೆ ಹೆಗಲು ಕೊಟ್ಟು, ಸಕ್ಕರೆ ಹಾಕಿದೆಯೋ ಇಲ್ಲವೋ ಎಂದು ವಿಚಾರಿಸಲು ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಂತೆ ಅನ್ನಿಸುತ್ತಿತ್ತು ಅಷ್ಟೇ. ಅದು ಮೆದುಳಿನ ಯಾವ ಮೂಲೆಯ ಆಟವೆಂದು ಊರಿನಲ್ಲಿ ಅವಳಷ್ಟು ಚೆನ್ನಾಗಿ ತಿಳಿದವರು ಬೇರೆ ಇರಲಿಲ್ಲ. ತಿಳಿದೂ ಅವಳು ಆ ಕಡೆ ತಿರುಗುತ್ತಿರಲಿಲ್ಲ, ತಿರುಗಿದರೆ ಹೋಗಿಬಿಟ್ಟಾನೆಂದು. ಮಕ್ಕಳಿಲ್ಲದ ಮನೆ, ಹೇಳಿಕೊಳ್ಳುವಂಥ ಸ್ನೇಹಿತರೂ ಇಲ್ಲ. ಆ ಒಂದು ನಿಲುವಿನ ಆಸರೆಯಲ್ಲಿ ಅವಳ ದಿನ ಕಳೆಯುತ್ತಿತ್ತು.

ಇದು ಮನೆಯ ವಿಷಯ, ಕಂಬಗಳು ಉದ್ಯಾನದ ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬುದ್ಧಿವಂತರು ತಮಗೆ ತಾವೇ ಮೋಸ ಮಾಡಿಕೊಳ್ಳುವುದರಲ್ಲೂ ಬುದ್ಧಿವಂತರೇ.

*

ಕಂಬಗಳು ನಿಂತವು. ಪಾಲಿಕೆ ಅವಕ್ಕೆ 'ನಿರ್ಭಯ ಸ್ತಂಭ' ಎಂದು ಹೆಸರಿಟ್ಟಿತು. ಓಣಿಯವರು ಅಂಜಿಕಿ ಕಂಬ ಎಂದರು. ಅಂಜಿಕೆ ಕಳೆಯುವ ಕಂಬ ಎನ್ನಬೇಕಾಗಿತ್ತು. ಆದರೆ ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು?

ತಿಂಗಳೊಪ್ಪತ್ತಿನಲ್ಲಿ ಉದ್ಯಾನ ತುಂಬಿತು. ಮೊದಲು ಕಾಲೇಜು ಹುಡುಗರು ಪಂದ್ಯ ಕಟ್ಟಿ ಬಂದರು. ಅವರಿಗೇನೂ ಆಗಲಿಲ್ಲವೆಂದು ವಾಕಿಂಗಿನ ಹಿರಿಯರು ಬಂದರು. ಆಮೇಲೆ ಸೊಸೆಯಂದಿರು, ಕೂಸುಗಳು, ಗೇಟಿನ ಹೊರಗೆ ಚುರುಮುರಿ ಕಲಸಿ ಕೊಡುವ ಗಿರಮಿಟ್ಟಿನ ಗಾಡಿ. ಗೇಟಿನ ಪಕ್ಕ, ಹಳೆಯ ಕಾವಲುಗಾರನ ಖೋಲಿಯ ಮೇಲೆ ನಿಯಂತ್ರಣ ಕೊಠಡಿ ಕಟ್ಟಿದ್ದರು. ಅದರ ಗೋಡೆಗಳಿಗೆ ತಗಡು ಹೊದಿಸಿದ್ದರಿಂದ ಕಂಬಗಳ ಮಿಡಿತ ಒಳಗೆ ಬರುತ್ತಿರಲಿಲ್ಲ. ಅಲ್ಲಿ ಪರದೆಗಳ ಮುಂದೆ ಇಮ್ತಿಯಾಜ್ ಎಂಬ ಎಂಜಿನಿಯರ್ ಕೂತಿರುತ್ತಿದ್ದ. ಮಹಾನಂದಾ ಮಾತ್ರ ದಿನವೂ ಕೆಳಗಿಳಿದು, ಒಂದೊಂದು ಕಂಬದ ಅಡಿಯಲ್ಲೂ ಬಹಳ ಹೊತ್ತು ನಿಂತು ಮಿಡಿತವನ್ನು ಹೊಂದಿಸಿ ಬರುತ್ತಿದ್ದಳು. ಬೇರೆಯವರ ಕೆಲಸ ಅವಳಿಗೆ ಒಗ್ಗುತ್ತಿರಲಿಲ್ಲ.

ಬಂದವರಲ್ಲಿ ನೀಲವ್ವಳೂ ಇದ್ದಳು. ನೀಲವ್ವ ಅಂದಾನಪ್ಪನ ತಂಗಿ, ಮಹಾನಂದಾಳ ನಾದಿನಿ. ಅದೇ ಓಣಿಯಲ್ಲಿ ಮನೆ. ಆದರೆ ಅಣ್ಣ ತೀರಿದಂದಿನಿಂದ ಅವಳು ಅತ್ತಿಗೆಯ ಹೊಸ್ತಿಲು ತುಳಿದಿರಲಿಲ್ಲ. ಆ ದಿನ ನೀಲವ್ವ ಸೊಲ್ಲಾಪುರದಲ್ಲಿದ್ದಳು, ರೈಲು ತಡವಾಗಿತ್ತು. ಹಿರಿಯರು ಹೊತ್ತು ಮೀರುತ್ತದೆ ಎಂದರು, ಮಹಾನಂದಾ ಹೂಂ ಎಂದಳು. ನೀಲವ್ವ ಬಂದು ಇಳಿಯುವಾಗ ಜನ ಮಣ್ಣು ಮುಗಿಸಿ ಮರಳುತ್ತಿದ್ದರು. ಅಣ್ಣನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಅದನ್ನು ಅವಳು ನುಂಗಿಕೊಳ್ಳಲೂ ಇಲ್ಲ, ಆಡಿ ತೋರಿಸಲೂ ಇಲ್ಲ. ಊರೆಲ್ಲ ಅಂಜುತ್ತಿದ್ದ ದಿನಗಳಲ್ಲೂ ಅವಳೊಬ್ಬಳು ಸಂಜೆಗೆ ಬಂದು ಹೊಂಗೆ ಮರದ ಕೆಳಗೆ ಕೂತು ಹೋಗುತ್ತಿದ್ದಳು. ಈಗಲೂ ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಮಹಾನಂದಾ ಪರದೆಯ ಮೇಲೆ ಅವಳನ್ನು ನೋಡುತ್ತಿದ್ದಳು, ಕೆಳಗಿಳಿದು ಮಾತಾಡಿಸುತ್ತಿರಲಿಲ್ಲ.

ಒಂದು ಸಂಜೆ ಇಮ್ತಿಯಾಜ್ ಹೇಳಿದ: "ಮೇಡಂ, ಒಂದು ವಿಚಿತ್ರ ಕೇಳ್ರಿಲ್ಲೆ. ಗೇಟಿನ್ಯಾಗ ಯಾರೂ ಮಾತ ಆಡವಲ್ರು."

ಗೇಟಿನ ಮೈಕಿನ ಧ್ವನಿಯನ್ನು ಅವನು ಹೆಚ್ಚಿಸಿದ. ಚಪ್ಪಲಿಯ ಸದ್ದು, ಗೇಟಿನ ಕಿರುಗುಟ್ಟುವಿಕೆ. ಜನ ಒಬ್ಬೊಬ್ಬರಾಗಿ ಹೊರಬೀಳುತ್ತಿದ್ದರು. 'ಬರ್ತೀನ್ರಿ' ಎನ್ನುವವರಿಲ್ಲ, 'ಹೂಂ ಬರ್ರಿ' ಎನ್ನುವವರೂ ಇಲ್ಲ. ಈ ಓಣಿಯ ಜನ ಕಿರಾಣಿ ಅಂಗಡಿಯಿಂದ ಹೊರಡುವಾಗಲೂ ಬರ್ತೀನಿ ಎನ್ನದೆ ಹೋದವರಲ್ಲ.

ಮಹಾನಂದಾ ಯೋಚಿಸಲಿಲ್ಲ. ಯೋಚಿಸುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಮಣ್ಣಿಗೆ ಹೋದವರು ಅಲ್ಲಿಂದ ಹೊರಡುವಾಗ ಬರ್ತೀನಿ ಎನ್ನಬಾರದು. ಅಂದರೆ ಆ ಜಾಗ ಮತ್ತೆ ಕರೆಸಿಕೊಳ್ಳುತ್ತದೆ. ಹಿಂದೆ ನೋಡದೆ, ಹೇಳದೆ, ಎದ್ದು ನಡೆಯಬೇಕು. ಚಿಕ್ಕಂದಿನಿಂದ ಎಲ್ಲರೂ ಕಲಿತದ್ದು, ಅವಳೂ ಕಲಿತದ್ದು.

"ಅಂಜಿಕಿ ಇನ್ನೂ ಹೋಗಿಲ್ಲ ಇಮ್ತಿಯಾಜ್. ಇವರ ಮನಸಿನ್ಯಾಗ ಇದಿನ್ನೂ ಸುಡುಗಾಡ ಐತಿ. ಅದಕ್ಕ ಸುಮ್ಮನ ಎದ್ದು ಹೊಂಟಾರ."

"ಆದ್ರ ಮೇಡಂ, ನಮ್ಮ ಮಂದೀನೂ ಬರ್ತಾರಲ್ರೀ. ನಮ್ಮೊಳಗ ಖಬರಸ್ತಾನಕ್ಕ ಹೋದ್ರ ಒಳಗಿದ್ದವ್ರಿಗೂ ಸಲಾಮ ಹೇಳೇ ಹೋಗ್ತೀವಿ. ಅವ್ರೂ ಯಾಕ ಸುಮ್ಮನ ಹೊಂಟಾರ?"

"ಎಲ್ಲಾರೂ ಹೊಂಟಂಗ ಅವ್ರೂ ಹೊಂಟಾರ. ನೀ ಮಿಡಿತ ಏರಸು."

ಇಮ್ತಿಯಾಜ್ ಏರಿಸಿದ. ಮುಂದಿನ ವಾರವೂ ಗೇಟು ಮೂಕವಾಗಿತ್ತು. ಮತ್ತೆ ಏರಿಸಿದರು. ಹೀಗೆ ಏರಿಸುತ್ತಲೇ ಹೋದರು.

*

ಓಣಿಯಲ್ಲಿ ಸಣ್ಣಪುಟ್ಟ ತಮಾಷೆಗಳು ಶುರುವಾದವು. ಗಂಡ ಹೆಂಡತಿ ಕೂಡಿ ವಾಕಿಂಗಿಗೆ ಹೋಗಿ ಬೇರೆ ಬೇರೆ ಹೊತ್ತಿಗೆ ಮನೆ ಸೇರಿ, ನೀ ನನ್ನ ಬಿಟ್ಟು ಬಂದಿ ಎಂದು ಜಗಳಾಡಿದರು. ನಗೆಕೂಟದ ಹಿರಿಯರು ವೃತ್ತವಾಗಿ ನಿಲ್ಲುವುದನ್ನು ಬಿಟ್ಟು ಒಬ್ಬೊಬ್ಬರು ಒಂದೊಂದು ಗಿಡದ ಕಡೆ ಮುಖ ಮಾಡಿ ನಕ್ಕರು. ಹೊಸದಾಗಿ ಮದುವೆಯಾದ ಜೋಡಿ ಒಂದೇ ಬೆಂಚಿನಲ್ಲಿ ಕೂತು, ಅವನು ಆ ಕಡೆ ಇವಳು ಈ ಕಡೆ ನೋಡಿ, ಬಸ್‌ಸ್ಟ್ಯಾಂಡಿನ ಅಪರಿಚಿತರಂತೆ ಎದ್ದು ಹೋದರು. ವಿಚಿತ್ರವೆಂದರೆ ಗೇಟು ದಾಟಿ ಗಿರಮಿಟ್ಟಿನ ಗಾಡಿಯ ಹತ್ತಿರ ಬಂದೊಡನೆ ಎಲ್ಲರ ಬಾಯಿಗೂ ಜೀವ ಬರುತ್ತಿತ್ತು. ಉದ್ಯಾನದ ಮಾತೆಲ್ಲ ಅಲ್ಲಿ ನಡೆಯುತ್ತಿತ್ತು. ಗಾಡಿಯವನಿಗೆ ಬಿಡುವಿಲ್ಲದ ವ್ಯಾಪಾರ. ಅವನಂತೂ ಕಂಬಗಳಿಗೆ ಕೈ ಮುಗಿಯುತ್ತಿದ್ದ.

ಯಾರಿಗೂ ಇದು ಕಾಯಿಲೆಯಂತೆ ಕಾಣಲಿಲ್ಲ. ಊರಿನ ಗದ್ದಲದಿಂದ ಬಂದವರಿಗೆ ಒಂದಿಷ್ಟು ಏಕಾಂತ ಹಿತವಾಗಿಯೇ ಇತ್ತು. 'ಭಾಳ ಶಾಂತ ಐತ್ರೀ ಜಾಗ' ಎಂದು ಹೊಗಳಿದರು.

ಮಹಾನಂದಾಳ ಮನೆಯೂ ಶಾಂತವಾಯಿತು. ಒಂದು ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಅವಳಿಗೆ ಹೊಳೆಯಿತು, ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ದಣಿವಿನಿಂದ ಹಾಗಾಗಿರಬೇಕೆಂದು ಮಲಗಿದಳು. ಮರುದಿನವೂ ಇಲ್ಲ. ದೀಪ ಹಾಕದೆ ಕೂತು ನೋಡಿದಳು. ಬೇಕೆಂದೇ ಅವನಿಗೆ ಸೇರದ ಬೆಲ್ಲದ ಚಹಾ ಮಾಡಿ ನೋಡಿದಳು. ಅವನ ಶಲ್ಯವನ್ನು ಬಾಗಿಲಿಗೆ ಹಾಕಿದಳು. ಕೊನೆಗೆ ಎಂದೂ ಮಾಡದ್ದನ್ನು ಮಾಡಿದಳು, ನೇರ ಆ ಕಡೆ ತಿರುಗಿ ನೋಡಿದಳು. ಬಾಗಿಲಿತ್ತು, ಆಚೆ ಸಿಂಕು ಇತ್ತು.

ಇಷ್ಟು ವರ್ಷಗಳಾದ ಮೇಲೆ ಮನಸ್ಸು ಒಪ್ಪಿಕೊಂಡಿರಬೇಕು, ಗಾಯ ಮಾಗಿರಬೇಕು ಎಂದು ಅವಳೊಳಗಿನ ವಿಜ್ಞಾನಿ ಹೇಳಿದಳು. ಹೆಂಡತಿಗೆ ಅದು ಸಮಾಧಾನವಾಗಲಿಲ್ಲ. ಅಂದಾನಪ್ಪ ಸತ್ತ ದಿನ ಮನೆ ತುಂಬ ಜನರಿದ್ದರು, ಅಳಲು ಹೆಗಲುಗಳಿದ್ದವು. ಈ ಎರಡನೆಯ ಸಲ ಅವನನ್ನು ಕಳೆದುಕೊಂಡಾಗ ಬಂದು ಮಾತಾಡಿಸುವವರು ಒಬ್ಬರೂ ಇರಲಿಲ್ಲ, ಹೇಳಿಕೊಂಡರೆ ನಗುವಂಥ ಸಂಗತಿ. ಅವಳು ಒಬ್ಬಳೇ ಅತ್ತಳು. ಅಳುವಾಗಲೂ ಅದನ್ನು ಕೇಳುವವರು ಬಾಗಿಲಲ್ಲಿಲ್ಲ ಎಂಬುದು ಗೊತ್ತಾಗುತ್ತಿತ್ತು.

*

ಕೆಲವು ದಿನಗಳ ಮೇಲೆ, ಸಂಜೆಯ ತುಂಬು ಹೊತ್ತಿನಲ್ಲಿ, ಪರದೆಯ ಮೇಲೆ ಒಂದು ಕೂಸು ಅಳುವುದು ಕಾಣಿಸಿತು. ಜೋಕಾಲಿಯಿಂದ ಬಿದ್ದು ಮಣ್ಣಿನಲ್ಲಿ ಕೂತಿತ್ತು. ಮೊಣಕಾಲು ತರಚಿ ರಕ್ತ ಬಂದಿತ್ತು. ಸುತ್ತಲೂ ಜಾತ್ರೆಯಷ್ಟು ಜನ. ಪಕ್ಕದಲ್ಲೇ ಅದರ ತಾಯಿ ನಿಂತಿದ್ದಳು, ಕಾರಂಜಿ ನೋಡುತ್ತ. ವಾಕಿಂಗಿನವರು ಕೂಸನ್ನು ಬಳಸಿ ಆಚೆಯಿಂದ ನಡೆಯುತ್ತಿದ್ದರು, ದಾರಿಯಲ್ಲಿ ಬಿದ್ದ ಟೊಂಗೆಯನ್ನು ಬಳಸುವಂತೆ.

"ಅಯ್ಯ, ಇವ್ರಿಗೆ ಕಿವಿ ಇಲ್ಲೇನು?" ಮಹಾನಂದಾ ಎದ್ದು ಮೆಟ್ಟಿಲಿಳಿದು ಓಡಿದಳು.

ಓಡುತ್ತ ಹೋದವಳ ಕಾಲು ಮೊದಲ ಕಂಬ ದಾಟುವಾಗ ನಿಧಾನವಾಯಿತು. ಅಳು ಕೇಳಿಸುತ್ತಿತ್ತು. ಆದರೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರನ್ ಹೊಡೆದಷ್ಟೇ ಆಯಿತು, ತನಗೆ ಸಂಬಂಧಪಟ್ಟದ್ದಲ್ಲ. ಸಂಜೆ ತಂಪಾಗಿತ್ತು. ಅವಳು ಕೂಸಿನ ಪಕ್ಕದಿಂದಲೇ ನಡೆದುಹೋಗಿ, ಹೊಂಗೆ ಮರದ ಕೆಳಗಿನ ಖಾಲಿ ಬೆಂಚಿನಲ್ಲಿ ಕೂತಳು.

ಮರದ ಮೇಲಿನ ಧ್ವನಿವರ್ಧಕದಲ್ಲಿ ಇಮ್ತಿಯಾಜ್ ಗರ್ಜಿಸಿದ. "ಮೇಡಂ! ಮಹಾನಂದಾ ಮೇಡಂ! ಕೂಸು! ಕೂಸಿನ ಸಲುವಾಗಿ ಹೋಗೀರಿ ನೀವು!"

ತನ್ನ ಹೆಸರು ಕೇಳಿ ಅವಳು ಬೆಚ್ಚಿದಳು. ಬೆಂಚು ಖಾಲಿಯಿರಲಿಲ್ಲ. ಒಂದು ಮೊಳದ ಅಂತರದಲ್ಲಿ ನೀಲವ್ವ ಕೂತಿದ್ದಳು. ಅವಳೂ ಬೆಚ್ಚಿ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ಹೊತ್ತು ಇಬ್ಬರಿಗೂ ಮತ್ತೊಬ್ಬರಿದ್ದದ್ದು ತಿಳಿದಿರಲಿಲ್ಲ.

ಮಹಾನಂದಾ ಹೋಗಿ ಕೂಸನ್ನು ಎತ್ತಿಕೊಂಡಳು. ಎತ್ತಬೇಕೆಂದು ನೆನಪಿಟ್ಟುಕೊಂಡು ಎತ್ತಿದಳು, ಅಂಗಡಿಯ ಚೀಲ ಎತ್ತಿದ ಹಾಗೆ. ಇನ್ನೊಂದು ಕೈಯಿಂದ ತಾಯಿಯ ತೋಳು ಹಿಡಿದು ಎಳೆಯುತ್ತ ಗೇಟು ದಾಟಿದಳು. ಗಿರಮಿಟ್ಟಿನ ಗಾಡಿಯ ಹತ್ತಿರ ತಲುಪಿ ತುಸು ಹೊತ್ತು ನಿಂತ ಮೇಲೆ ತಾಯಿಗೆ ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಕೂಸನ್ನು ಕಿತ್ತುಕೊಂಡು, ಎದೆಗವಚಿ, "ನನ್ನ ಬಂಗಾರ, ನಾ ಎಲ್ಲಿದ್ನ್ಯೋ" ಎಂದು ಗೋಳಾಡಿದಳು. ಹಿಂದೆಯೇ ನೀಲವ್ವ ಬಂದು ಗೋಡೆಗೆ ಆತು ನಿಂತಳು.

"ವೈನಿ," ಎಂದಳು. ಎಷ್ಟೋ ವರ್ಷಗಳ ಮೇಲೆ ಆಡಿದ ಮೊದಲ ಮಾತು. "ನೀವು ಬಂದು ಕುಂತದ್ದು ನನಗ ಗೊತ್ತಽ ಆಗಲಿಲ್ಲ ನೋಡ್ರಿ."

"ನನಗೂ ಆಗಲಿಲ್ಲ ನೀಲವ್ವ."

"ನಾ ಇಲ್ಲಿ ಯಾಕ ಬರ್ತಿದ್ನಿ ಗೊತ್ತೈತೇನು? ಅಣ್ಣ ಇರ್ತಿದ್ದ. ಮಗ್ಗಲಕ್ಕ ಬಂದು ಕುಂತಂಗ ಆಗ್ತಿತ್ತು. ಖರೇನೋ ಸುಳ್ಳೋ ನನಗ ಬೇಕಾಗಿಲ್ಲ, ಆಗ್ತಿತ್ತು. ಮುಖಾ ಅಂತೂ ನೋಡ್ಲಿಲ್ಲ, ಇಷ್ಟರ ಸಿಕ್ತಲ್ಲ ಅಂತ ಬರ್ತಿದ್ನಿ. ಹೊಂಟ ನಿಂತಾಗ 'ಬರ್ತೀನೋ ಅಣ್ಣಾ' ಅಂತಿದ್ನಿ."

"ಇಲ್ಲಿಂದ ಹೋಗುಮುಂದ ಹಂಗ ಅನಬಾರದಲ್ಲ?"

"ಅನಬಾರದು ಅಂತಾರ. ಅಣ್ಣಗ ಹೇಳದ ಹೆಂಗ ಹೋಗೂದ್ರಿ?" ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಅನೂದಿಲ್ಲ. ಅಂಜಿ ಅಲ್ಲ. ಅನ್ನಾಕ ಅಲ್ಲಿ ಯಾರೂ ಇದ್ದಂಗ ಆಗೂದಿಲ್ಲ. ಅಣ್ಣ ಅಷ್ಟ ಅಲ್ಲ, ಯಾರೂ ಇಲ್ಲ. ಇಷ್ಟ ಮಂದಿ ಅಡ್ಡಾಡ್ತಾರ, ಗೊಂಬಿ ಅಡ್ಡಾಡಿದಂಗ. ಯಾರಿಗೆ ಬರ್ತೀನಿ ಅನ್ನೂದು?"

ಮಹಾನಂದಾ ಗಾಡಿಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೇಟಿನ ಮೌನದ ಅರ್ಥ ಈಗ ತಿಳಿಯಿತು. ಜನ ಅಂಜಿಕೆಯಿಂದ ಸುಮ್ಮನಿರಲಿಲ್ಲ. ಸತ್ತವರು ಬಂದು ನಿಂತಂತೆ ಮಾಡುವ ಮೂಲೆಯೇ ಬದುಕಿದ್ದವರು ಪಕ್ಕದಲ್ಲಿದ್ದಾರೆಂದೂ ತಿಳಿಸುತ್ತಿತ್ತು. ಅವಳು 'ನಾನು' ಎಂಬುದನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಳೆಂದರೆ 'ನೀನು' ಒಳಗೆ ಬರಲು ಸಂದಿಯೇ ಉಳಿದಿರಲಿಲ್ಲ. ಜನ ಮೂಕರಾದಷ್ಟೂ ಅಂಜಿಕೆ ಎಂದುಕೊಂಡಳು, ಅಂಜಿಕೆ ಎಂದುಕೊಂಡಷ್ಟೂ ಕಟ್ಟು ಬಿಗಿದಳು. ಆ ಬಿಗಿಯ ಅಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವಳು ತಾನೇ. ಟೊಪ್ಪಿಗೆ ತೆಗೆದರೂ ತಲೆ ಆ ಆಕಾರಕ್ಕೆ ಬಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಏನಾಯಿತೆಂದು ಈಗ ಅರ್ಥವಾಯಿತು. ಗಾಯ ಮಾಗಿರಲಿಲ್ಲ, ಅವಳೇ ಗಂಡನನ್ನು ಹೊರಗೆ ಹಾಕಿದ್ದಳು.

"ಯಾಕ್ರೀ ವೈನಿ, ಹಿಂಗ್ಯಾಕ ನಿಂತ್ರಿ?"

"ನನ್ನ ಮನಿಗೂ ಬರವಲ್ರು ನೀಲವ್ವ ಅವ್ರು," ಎಂದಳು ಮಹಾನಂದಾ. ಯಾರಿಗೂ ಹೇಳಿರದ ಮಾತು ಗಿರಮಿಟ್ಟಿನ ಗಾಡಿಯ ಮುಂದೆ ಬಾಯಿಗೆ ಬಂತು.

*

"ಜನ ಬಂದಾರಲ್ರೀ ಡಾಕ್ಟರ, ಮತ್ತೇನ ಬೇಕು ನಿಮಗ?" ಆಯುಕ್ತರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಬೇರೆ ಊರುಗಳಿಂದಲೂ ಕಂಬ ಕೇಳಿ ಫೋನ್ ಬರುತ್ತಿತ್ತು.

"ಬಂದಾರ್ರೀ ಸರ್. ಆದ್ರ ಒಬ್ಬರಿಗೊಬ್ಬರು ಸಿಗವಲ್ರು."

"ಅದು ಪಾಲಿಕಿ ಕೆಲಸ ಅಲ್ಲಲ್ರೀ."

"ಹೌದ್ರೀ. ನಂದು. ಕಂಬ ಬಂದ್ ಮಾಡ್ತೀನಿ."

ಆಯುಕ್ತರು ಕನ್ನಡಕ ತೆಗೆದರು. "ಮಾಡ್ರಿ. ಆದ್ರ ಕೇಳ್ರಿ, ಜನ ಬರೂದು ನಿಂತ್ರ ಸಭಾದ ತೀರ್ಮಾನ ಹಂಗಽ ಐತಿ. ಅಗಿಯಾಕ ಯಂತ್ರ ಬರ್ತಾವ. ನಿಮ್ಮ ಯಜಮಾನ್ರು ಅಲ್ಲೇ ಅದಾರ ಅಂತ ನನಗ ಗೊತ್ತೈತಿ. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಗಂಡನನ್ನು ಉಳಿಸಿಕೊಳ್ಳಲೆಂದೇ ಮಹಾನಂದಾ ಇಷ್ಟೆಲ್ಲ ಮಾಡಿದ್ದು. ಕಂಬ ಚಾಲೂ ಇದ್ದರೆ ಹೊಂಗೆ ಮರದ ಬುಡ ಭದ್ರ, ಆದರೆ ಅಲ್ಲಿ ಅಂದಾನಪ್ಪ ಯಾರಿಗೂ ಸಿಗುವುದಿಲ್ಲ. ಕಂಬ ಬಂದಾದರೆ ಆ ಬುಡವೇ ಹೋಗಬಹುದು. ಆ ಕೂಸಿನ ಅಳು, ಹಾರನ್ನಿನಂತೆ ಕೇಳಿದ ಆ ಅಳು, ಅವಳ ಕಿವಿಯಿಂದ ಹೋಗಿರಲಿಲ್ಲ.

"ಆಗೂದಿಲ್ರೀ," ಎಂದು ಎದ್ದಳು.

ಆ ಸಂಜೆ ಅವಳೇ ಗುಂಡಿ ಒತ್ತಿದಳು. ಇಮ್ತಿಯಾಜ್ ಪರದೆಯ ಕಡೆ ನೋಡುತ್ತ ನಿಂತ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೆಡಲ್ ತುಳಿಯುತ್ತಿದ್ದ ಒಬ್ಬ ಮುದುಕ ನಿಲ್ಲಿಸಿ, ಕತ್ತು ಹೊರಳಿಸಿ ಹಿಂದೆ ನೋಡಿದ. ಓಡುತ್ತಾನೆಂದೇ ಮಹಾನಂದಾ ಅಂದುಕೊಂಡಳು. ಅವನು ಓಡಲಿಲ್ಲ. ಹಿಂದಿನ ಯಂತ್ರದಲ್ಲಿದ್ದವನನ್ನು ಕಂಡು, "ನೀ ಯಾವಾಗ ಬಂದ್ಯೋ ಮಾರಾಯಾ?" ಎಂದ. "ನಾನಾ? ನಾ ಒಂದ ತಿಂಗಳಾತು ಬರಾಕ ಹತ್ತಿ!" ಎಂದ ಅವನು.

ಎಲ್ಲವೂ ಸುಸೂತ್ರವಾಯಿತೆಂದಲ್ಲ. ಹಲವರು ಅಂಜಿ ಬರುವುದನ್ನು ಬಿಟ್ಟರು, ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು. ಜನ ಅರ್ಧಕ್ಕೆ ಇಳಿದರು. ಆದರೆ ಉಳಿದವರು ಬೇರೆ ರೀತಿಯಲ್ಲಿ ಉಳಿದರು. ಗೋಡೆಗುಂಟ ನಿಂತ ಕಲ್ಲುಗಳ ಮೇಲೆ ಮಲ್ಲಿಗೆ ಬಿತ್ತು. ಯಾರೋ ಒಬ್ಬ ತನ್ನ ಅವ್ವನ ಕಲ್ಲಿನ ಮುಂದೆ ಮಗಳು ಪಾಸಾದ ಸುದ್ದಿ ಹೇಳುತ್ತಿದ್ದ. ಬೆನ್ನ ಹಿಂದೆ ಯಾರೋ ಬಂದಂತಾದರೆ, ಬಂದಿರಲಿ, ನಮ್ಮವರೇ ತಾನೇ ಎಂದು ಹಿರಿಯರು ಸೊಸೆಯಂದಿರಿಗೆ ಧೈರ್ಯ ಹೇಳಿದರು. ಗೇಟಿನ ಮೈಕಿನಲ್ಲಿ ಎಂಥ ಗದ್ದಲವೆಂದರೆ ಇಮ್ತಿಯಾಜ್ ಅದನ್ನು ಕಡಿಮೆ ಮಾಡಿಟ್ಟ. ಆಯುಕ್ತರು ಒಂದು ಸಂಜೆ ತಾವೇ ಬಂದು ಒಂದು ಸುತ್ತು ಹಾಕಿದರು. ಅರ್ಧ ದಾರಿಯಲ್ಲಿ ನಿಂತು, ತಿರುಗಿ ನೋಡಿ, ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಕಾಂಪ್ಲೆಕ್ಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಹಾನಂದಾಳ ಪಾಲಿಗೆ ಮಾತ್ರ ಏನೂ ಮರಳಲಿಲ್ಲ. ಬೇರೆಯವರ ತಲೆ ದಿನಗಳಲ್ಲಿ ಸಡಿಲವಾಯಿತು. ಅವಳದು ಆಗಲಿಲ್ಲ, ಬಹುಶಃ ಇನ್ನು ಆಗುವುದೂ ಇಲ್ಲ. ಪ್ರಯೋಗಾಲಯದಲ್ಲಿ ತನ್ನ ಮೆದುಳಿನ ಚಿತ್ರ ತಾನೇ ತೆಗೆದು ನೋಡಿದ್ದಳು. ತರಗತಿಯಲ್ಲಿ ವಿದ್ಯಾರ್ಥಿಗಳು ಪಕ್ಕ ಬಂದು ನಿಂತರೂ ಮಾತಾಡಿಸುವ ತನಕ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಚಹಾ, ಬಾಗಿಲು, ಸಿಂಕು. ಊರಿಗೆಲ್ಲ ಅವರವರ ಸತ್ತವರನ್ನು ಹಿಂತಿರುಗಿಸಿ ತಾನೊಬ್ಬಳು ಬರಿಗೈಯಲ್ಲಿ ಉಳಿದಿದ್ದಳು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಬೇಕು.

ಆದರೂ ಸಂಜೆಗೆ ಉದ್ಯಾನಕ್ಕೆ ಬರುವುದನ್ನು ಬಿಡಲಿಲ್ಲ. ಬಂದರೆ ಮನುಷ್ಯರ ಮಾತಾದರೂ ಕಿವಿಗೆ ಬೀಳುತ್ತಿತ್ತು. ಒಂದು ದಿನ ಹೊಂಗೆ ಮರದ ಕೆಳಗಿನ ಬೆಂಚಿನ ನಡುಮಧ್ಯೆ ಕೂತು, ಕಾರಂಜಿಯ ಹತ್ತಿರ ಓಡುವ ಮಕ್ಕಳನ್ನು ನೋಡುತ್ತಿದ್ದಳು. ನೀಲವ್ವ ಯಾವಾಗ ಬಂದು ಬೆಂಚಿನ ತುದಿಯಲ್ಲಿ ಕೂತಳೋ, ಅವಳಿಗೆ ಗೊತ್ತಾಗಲಿಲ್ಲ.

"ವೈನಿ."

ಮಹಾನಂದಾ ತಿರುಗಿದಳು.

"ಸ್ವಲ್ಪ ಸರದ ಕುಂಡ್ರಿ," ಎಂದಳು ನೀಲವ್ವ, ದನಿ ತಗ್ಗಿಸಿ. "ಅಣ್ಣ ಆಗಿಂದ ನಿಂತಾನ."

ಮಹಾನಂದಾ ಮರದ ಕಡೆ ನೋಡಿದಳು, ನೀಲವ್ವಳ ಮುಖ ನೋಡಿದಳು. ಗಾಳಿ ಬೀಸುತ್ತಿತ್ತು, ಹೊಂಗೆಯ ಹೂ ಉದುರುತ್ತಿತ್ತು. ಅವಳಿಗೆ ಏನೂ ಅನ್ನಿಸಲಿಲ್ಲ. ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಬೆಂಚಿನ ಇನ್ನೊಂದು ತುದಿಗೆ ಸರಿದಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು.

ತುಸು ಹೊತ್ತು ಬಿಟ್ಟು ಕೇಳಿದಳು: "ಕುಂತ್ರೇನು?"

"ಕುಂತಾನ," ಎಂದಳು ನೀಲವ್ವ.